ಮೊದಲು ವಿಳಾಸ, ಮಿಕ್ಕಿದ್ದೆಲ್ಲ ಆಮೇಲೆ: ಸಂಸಾರ ಸಮೇತ ಕೆನಡಾಕ್ಕೆ ಬರುವವರಿಗೆ ಸಮಗ್ರ ಮಾರ್ಗದರ್ಶಿ

2022ರ ಅಕ್ಟೋಬರ್ ಕೊನೆಯಲ್ಲಿ ನಾವು ನಾಲ್ಕು ಜನ ಟೊರೊಂಟೊದ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಇಳಿದೆವು. ಎಂಟು ಸೂಟ್‌ಕೇಸು, ಒಂದು ಪ್ರೆಶರ್ ಕುಕ್ಕರು, ನಿದ್ದೆಗಣ್ಣಿನ ಇಬ್ಬರು ಮಕ್ಕಳು. ಇಮಿಗ್ರೇಶನ್ ಕೌಂಟರಿನಲ್ಲಿದ್ದಾಕೆ ನಮ್ಮ ಕಾಗದವನ್ನೆಲ್ಲ ತಿರುವಿ ನೋಡಿ ಕೇಳಿದ ಮೊದಲ ಪ್ರಶ್ನೆ: "ನಿಮ್ಮ ಪಿಆರ್ ಕಾರ್ಡ್ ಯಾವ ವಿಳಾಸಕ್ಕೆ ಕಳಿಸಲಿ?" ಪಿಆರ್ ಅಂದರೆ ಪರ್ಮನೆಂಟ್ ರೆಸಿಡೆಂಟ್, ಕಾಯಂ ವಾಸದ ಅನುಮತಿ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮೈಸೂರಿನ ಕುವೆಂಪುನಗರದ ಮನೆ ನಂಬರ್ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆವು. ಇಲ್ಲಿ ಇದ್ದದ್ದು ಮೂರು ವಾರಕ್ಕೆ ಹಿಡಿದ ಒಂದು ಬಾಡಿಗೆ ರೂಮು, ಅಷ್ಟೇ.

ಆಮೇಲಿನ ಎರಡು ತಿಂಗಳು ಎಲ್ಲಿ ಹೋದರೂ ಇದೇ ಪ್ರಶ್ನೆ. ಬ್ಯಾಂಕಿಗೆ ವಿಳಾಸ ಬೇಕು. ಹೆಲ್ತ್ ಕಾರ್ಡಿಗೆ ವಿಳಾಸದ ಪುರಾವೆ ಬೇಕು. ಮಕ್ಕಳಿಗೆ ಯಾವ ಶಾಲೆ ಅಂತ ನಿರ್ಧಾರ ಆಗುವುದೂ ವಿಳಾಸದ ಮೇಲೆಯೇ. ಮನೆ ಕೊಡುವವರು ಮಾತ್ರ "ಇಲ್ಲಿ ನಿಮಗೆ ಕೆಲಸ ಇದೆಯಾ, ಕ್ರೆಡಿಟ್ ಸ್ಕೋರ್ ಇದೆಯಾ" ಅಂತ ಕೇಳುತ್ತಾರೆ. ಹಗ್ಗದ ತುದಿ ಎಲ್ಲಿದೆ ಅಂತ ಗೊತ್ತಾದರೆ ಮಿಕ್ಕ ಗಂಟು ಬಿಚ್ಚುವುದು ಕಷ್ಟವಲ್ಲ. ನಮಗೆ ಅದು ತಡವಾಗಿ ಗೊತ್ತಾಯಿತು. ನಿಮಗೆ ಬೇಗ ಗೊತ್ತಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳುವುದು ಒಂಟಾರಿಯೊ ಪ್ರಾಂತ್ಯದ ಮಾತು, ಅದರಲ್ಲೂ ಪಿಆರ್ ಮೇಲೆ ಬರುವ ಸಂಸಾರಗಳಿಗೆ. ಬೇರೆ ಪ್ರಾಂತ್ಯದಲ್ಲಿ ಆಸ್ಪತ್ರೆ, ಶಾಲೆ, ಲೈಸೆನ್ಸು ಎಲ್ಲದರ ನಿಯಮವೂ ಬೇರೆ.

ಊರು ಬಿಡುವ ಮೊದಲು

ಹಲ್ಲಿನ ಕೆಲಸ ಮುಗಿಸಿಕೊಂಡು ಬನ್ನಿ. ತಮಾಷೆಗೆ ಹೇಳುತ್ತಿಲ್ಲ. ಒಂಟಾರಿಯೊದ ಸರ್ಕಾರಿ ಆರೋಗ್ಯ ವಿಮೆ ಡಾಕ್ಟರ ಖರ್ಚು, ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತದೆ. ಸಾಮಾನ್ಯ ಡೆಂಟಿಸ್ಟ್ ಖರ್ಚು ಅದರಲ್ಲಿ ಬರುವುದಿಲ್ಲ. 20ರಿಂದ 64 ವರ್ಷದವರಿಗೆ ಮಾಮೂಲಿ ಕಣ್ಣಿನ ಪರೀಕ್ಷೆಯೂ ಇಲ್ಲ. ಒಬ್ಬೊಬ್ಬರಿಗೂ ಎರಡೆರಡು ಜೊತೆ ಕನ್ನಡಕ ಮಾಡಿಸಿಕೊಂಡರೆ ನಷ್ಟವಿಲ್ಲ.

ಮಕ್ಕಳ ಲಸಿಕೆ ದಾಖಲೆ ಬಹಳ ಮುಖ್ಯ. ನಮ್ಮಲ್ಲಿ ಅದು ತಾಯಿ ಕಾರ್ಡಿನಲ್ಲಿರುತ್ತದೆ. ಅರ್ಧ ಕನ್ನಡ, ಅರ್ಧ ನರ್ಸಮ್ಮನ ಕೈಬರಹ. ಮಕ್ಕಳ ಡಾಕ್ಟರ ಹತ್ತಿರ ಹೋಗಿ ಲಸಿಕೆಯ ಹೆಸರು, ತಾರೀಖು ಎರಡನ್ನೂ ಇಂಗ್ಲಿಷಿನಲ್ಲಿ ಲೆಟರ್‌ಹೆಡ್ ಮೇಲೆ ಬರೆಸಿ, ಸಹಿ ಮತ್ತು ಸೀಲು ಹಾಕಿಸಿಕೊಳ್ಳಿ. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವುದು ದಡಾರ ಮತ್ತು ರುಬೆಲ್ಲಾ ಲಸಿಕೆ. ಒಂಟಾರಿಯೊ ಶಾಲೆಗಳು ಅದರ ಜೊತೆ ಮಂಗನಬಾವಿನ ಲಸಿಕೆಯನ್ನೂ ಕೇಳುತ್ತವೆ. ಮೆನಿಂಜೈಟಿಸ್ ಲಸಿಕೆ ಬೇಕು. 2010ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಸೀತಾಳೆ ಸಿಡುಬಿನದೂ ಬೇಕು. ಖಾಸಗಿಯಾಗಿ ಹಾಕಿಸಿದ್ದರೆ ದಾಖಲೆ ತನ್ನಿ. ಹಾಕಿಸದಿದ್ದರೂ ಗಾಬರಿ ಬೇಡ, ಇಲ್ಲಿ ಉಚಿತವಾಗಿ ಹಾಕುತ್ತಾರೆ.

ಇನ್ನು ಕಾಗದಗಳು. ಶಾಲೆಯ ಟಿಸಿ, ಅಂಕಪಟ್ಟಿ, ಮದುವೆ ಸರ್ಟಿಫಿಕೇಟ್, ಜನನ ಪ್ರಮಾಣಪತ್ರ, ಹಿಂದಿನ ಕೆಲಸದ ಅನುಭವ ಪತ್ರ, ಕಳೆದ ಎರಡು ವರ್ಷದ ಆದಾಯ ತೆರಿಗೆ ರಿಟರ್ನ್. ಕನ್ನಡದಲ್ಲಿರುವುದನ್ನೆಲ್ಲ ಇಂಗ್ಲಿಷಿಗೆ ಮಾಡಿಸಿ. ಡ್ರೈವಿಂಗ್ ಲೈಸೆನ್ಸ್ ಕೊಟ್ಟ ಆರ್‌ಟಿಒದಿಂದ ಎಕ್ಸ್‌ಟ್ರಾಕ್ಟ್ (ಲೈಸೆನ್ಸ್ ಎಷ್ಟು ವರ್ಷದಿಂದ ಇದೆ ಅನ್ನುವ ದಾಖಲೆ) ತೆಗೆಸುವುದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಇಲ್ಲಿ ಬಂದ ಮೇಲೆ ಅದನ್ನು ತರಿಸಲು ನನ್ನ ಮೈದುನ ಮೂರು ಸಲ ಕಚೇರಿ ಅಲೆದ.

ಒಡವೆ ತರುವವರು ಕಿವಿಗೊಡಿ. ಮೊದಲ ಸಲ ಇಳಿಯುವಾಗ ಜೊತೆಯಲ್ಲಿ ತಂದದ್ದು ಮತ್ತು ಆಮೇಲೆ ಬರಲಿರುವುದು ಅಂತ ಎರಡು ಪಟ್ಟಿ ಕೊಡಬೇಕು. ಬಿಎಸ್‌ಎಫ್186 ಅನ್ನುವ ಫಾರಂ. ಬಳೆ, ಸರ, ಓಲೆ ಒಂದೊಂದನ್ನೂ ತೂಕ, ಬೆಲೆ, ಫೋಟೊ ಸಮೇತ ಬರೆಯಿರಿ. ಊರಿನ ಲಾಕರಿನಲ್ಲೇ ಬಿಟ್ಟು ಬಂದ ಒಡವೆಯನ್ನು ಎರಡನೇ ಪಟ್ಟಿಗೆ ಸೇರಿಸಿ. ಇಲ್ಲದಿದ್ದರೆ ಮುಂದೊಂದು ದಿನ ಅದನ್ನು ತರುವಾಗ ಸುಂಕದ ಪ್ರಶ್ನೆ ಬರುತ್ತದೆ. ಅಧಿಕಾರಿ ಸೀಲು ಹಾಕಿ ಕೊಟ್ಟ ಪ್ರತಿಯನ್ನು ಪಾಸ್‌ಪೋರ್ಟಿನ ಜೊತೆಯಲ್ಲೇ ಇಡಿ. ಕೈಯಲ್ಲಿ 10,000 ಕೆನಡಾ ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ದುಡ್ಡಿದ್ದರೆ ಹೇಳಲೇಬೇಕು. ಹೇಳಿದರೆ ತೆರಿಗೆ ಇಲ್ಲ. ಮುಚ್ಚಿಟ್ಟರೆ ತೊಂದರೆ.

ದುಡ್ಡು ಕಳಿಸುವ ವಿಷಯ. ಭಾರತದಿಂದ ಒಬ್ಬರು ವರ್ಷಕ್ಕೆ 2,50,000 ಅಮೆರಿಕನ್ ಡಾಲರ್‌ವರೆಗೆ ಕಳಿಸಬಹುದು. 2025ರ ಏಪ್ರಿಲ್‌ನಿಂದ, ಓದು ಮತ್ತು ಚಿಕಿತ್ಸೆ ಬಿಟ್ಟು ಇಂಥ ಬೇರೆ ಕಾರಣಗಳಿಗೆ ಕಳಿಸಿದರೆ 10 ಲಕ್ಷ ದಾಟಿದ ಮೊತ್ತದ ಮೇಲೆ ಬ್ಯಾಂಕಿನವರು ಶೇಕಡಾ 20 ಟಿಸಿಎಸ್ ಅನ್ನುವ ತೆರಿಗೆ ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸಿದರೆ ಲೆಕ್ಕಕ್ಕೆ ಬರುತ್ತದೆ, ಆದರೆ ಅಲ್ಲಿಯವರೆಗೆ ಆ ದುಡ್ಡು ಕೈಗೆ ಸಿಗುವುದಿಲ್ಲ. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಹಂಚಿ ಕಳಿಸುವುದು ಜಾಣತನ. ಕೆನಡಾದಲ್ಲಿ ನೆಲೆಸಿದ ಮೇಲೆ ಊರಿನ ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಹೊರದೇಶದಲ್ಲಿ ನೆಲೆಸಿದವರ ಖಾತೆ) ಬದಲಾಯಿಸಲೇಬೇಕು. "ಯಾರು ಕೇಳ್ತಾರೆ ಬಿಡಿ" ಅನ್ನುವವರ ಮಾತು ಕೇಳಬೇಡಿ.

ಮೊದಲ ವಾರ: ಸಿನ್, ಬ್ಯಾಂಕು, ಸಿಮ್ಮು

ಈ ಮೂರು ತಾತ್ಕಾಲಿಕ ವಿಳಾಸದಲ್ಲೇ ಆಗುತ್ತವೆ. ಸಿನ್ ಅಂದರೆ ಸೋಶಿಯಲ್ ಇನ್ಶೂರೆನ್ಸ್ ನಂಬರ್, ಒಂಬತ್ತು ಅಂಕಿಯದು. ಸರ್ವಿಸ್ ಕೆನಡಾ ಕಚೇರಿಗೆ ಪಾಸ್‌ಪೋರ್ಟು ಮತ್ತು ಪಿಆರ್ ದೃಢೀಕರಣ ಪತ್ರ ತೆಗೆದುಕೊಂಡು ಹೋದರೆ ಕೊಡುತ್ತಾರೆ. ಶುಲ್ಕ ಇಲ್ಲ. ಕೆಲಸ ಮಾಡಲು ಇದು ಬೇಕು. ಊರಲ್ಲಿ ಆಧಾರ್ ಜೆರಾಕ್ಸ್ ಕೊಟ್ಟ ಹಾಗೆ ಕೇಳಿದವರಿಗೆಲ್ಲ ಇದನ್ನು ಕೊಡಬೇಡಿ. ಕೆಲಸ ಕೊಟ್ಟವರು, ಬ್ಯಾಂಕು, ಸರ್ಕಾರ, ಇಷ್ಟು ಜನಕ್ಕೆ ಸಾಕು. ಮನೆ ಓನರ್ ಕೇಳಿದರೂ ಕೊಡಬೇಕಾದ ಕಡ್ಡಾಯ ಇಲ್ಲ.

ಬ್ಯಾಂಕು ಯಾವುದಾದರೂ ಆದೀತು. ಐದು ದೊಡ್ಡ ಬ್ಯಾಂಕುಗಳೂ ಹೊಸದಾಗಿ ಬಂದವರಿಗೆ ಅಂತಲೇ ಖಾತೆ ಇಟ್ಟಿವೆ. ಶುಲ್ಕ ಎಷ್ಟು ತಿಂಗಳು ಮಾಫಿ ಅಂತ ಮಾತ್ರ ಕೇಳಿಕೊಳ್ಳಿ. ಅದರ ಜೊತೆಗೇ ಒಂದು ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಿ. ಇಲ್ಲಿ ಸಾಲ ಮಾಡದವನಿಗೆ ಮರ್ಯಾದೆ ಕಡಿಮೆ! ನಮ್ಮಪ್ಪನಿಗೆ ಇದನ್ನು ಫೋನಿನಲ್ಲಿ ವಿವರಿಸಲು ಅರ್ಧ ಗಂಟೆ ಹಿಡಿಯಿತು. ಕ್ರೆಡಿಟ್ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ಮುಂದೆ ಮನೆ ಬಾಡಿಗೆ, ಕಾರಿನ ಸಾಲ ಎಲ್ಲಕ್ಕೂ ಅದನ್ನೇ ನೋಡುತ್ತಾರೆ. ತರಕಾರಿ, ಫೋನ್ ಬಿಲ್ ಅಷ್ಟನ್ನು ಕಾರ್ಡಿನಲ್ಲಿ ಕಟ್ಟಿ. ಕಾರ್ಡಿನ ಮಿತಿಯ ಮೂರನೇ ಒಂದು ಭಾಗ ದಾಟಬೇಡಿ. ತಿಂಗಳ ಬಿಲ್ ಪೂರ್ತಿ ಕಟ್ಟಿ.

ಇದೇ ವಾರ ಬ್ಯಾಂಕಿನಿಂದ ನಿಮ್ಮ ಹೆಸರು, ವಿಳಾಸ ಇರುವ ಒಂದು ಸ್ಟೇಟ್‌ಮೆಂಟ್ ಪ್ರಿಂಟ್ ಮಾಡಿಸಿಕೊಳ್ಳಿ. ಗಂಡನ ಹೆಸರಿನಲ್ಲೊಂದು, ಹೆಂಡತಿ ಹೆಸರಿನಲ್ಲೊಂದು. ವಿಳಾಸದ ಪುರಾವೆಗೆ ಇದೇ ಮೊದಲ ಮೆಟ್ಟಿಲು. ಎಲ್ಲವೂ ಯಜಮಾನರ ಹೆಸರಿನಲ್ಲೇ ಇದ್ದರೆ ಹೆಂಡತಿ ಹೆಲ್ತ್ ಕಾರ್ಡಿಗೆ ಹೋದಾಗ ತೋರಿಸಲು ಏನೂ ಇರುವುದಿಲ್ಲ. ನನಗಾದದ್ದು ಹಾಗೆಯೇ. ಕೌಂಟರಿನಿಂದ ಬರಿಗೈಯಲ್ಲಿ ವಾಪಸ್ ಬಂದೆ.

ಮನೆ ಹುಡುಕುವುದು

ಇದಕ್ಕೆ ಸಮಯ ಕೊಡಿ. ಊರಿನಿಂದಲೇ ಆನ್‌ಲೈನಿನಲ್ಲಿ ಮನೆ ಹಿಡಿಯಬೇಡಿ. ಒಂದು ತಿಂಗಳಿಗೆ ಏನಾದರೂ ತಾತ್ಕಾಲಿಕ ಏರ್ಪಾಟು ಮಾಡಿಕೊಂಡು ಬಂದು, ಕಣ್ಣಾರೆ ನೋಡಿ ಹಿಡಿಯಿರಿ. ನಾವು ಬಂದ ಹೊಸತರಲ್ಲಿ ಒಂದು ಜಾಹೀರಾತು ಕಂಡಿತು. ಎರಡು ಬೆಡ್‌ರೂಮು, ಮುಂದೆ ಮರಗಳು, ಬಾಡಿಗೆ ಮಾರುಕಟ್ಟೆಯ ಅರ್ಧ. ಓನರ್ ಬೇರೆ ದೇಶದಲ್ಲಿದ್ದಾರಂತೆ, ಅಡ್ವಾನ್ಸ್ ಹಾಕಿದರೆ ಕೀಲಿ ಕೊರಿಯರ್ ಮಾಡುತ್ತಾರಂತೆ. ಯಜಮಾನರು ಇನ್ನೇನು ದುಡ್ಡು ಹಾಕುವುದರಲ್ಲಿದ್ದರು. ನಾನು ಬಸ್ ಹತ್ತಿ ಆ ಬೀದಿಗೆ ಹೋಗಿ ನೋಡಿದೆ. ಆ ಮನೆಯಲ್ಲಿ ವರ್ಷಗಳಿಂದ ಇರುವ ಅಜ್ಜಿಯೊಬ್ಬರು ಅಂಗಳದ ಎಲೆ ಗುಡಿಸುತ್ತಿದ್ದರು.

ಒಂಟಾರಿಯೊದಲ್ಲಿ ಬಾಡಿಗೆಯ ಕಾನೂನು ಬಾಡಿಗೆದಾರರಿಗೆ ಸಾಕಷ್ಟು ಬಲ ಕೊಟ್ಟಿದೆ. ಗೊತ್ತಿಲ್ಲದವರೇ ಜಾಸ್ತಿ. ಓನರ್ ಕೇಳಬಹುದಾದ ಠೇವಣಿ ಕೊನೆಯ ತಿಂಗಳ ಬಾಡಿಗೆ ಮಾತ್ರ, ಅಂದರೆ ಹೆಚ್ಚೆಂದರೆ ಒಂದು ತಿಂಗಳದು. ಜೊತೆಗೆ ಕೀಲಿಗೆ ಒಂದಿಷ್ಟು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ನಂಬಲಾಗದ ಮಾತು, ಅಲ್ವಾ? ಗೋಡೆ ಹಾಳಾದರೆ ಅಂತ ಬೇರೆ ಡೆಪಾಸಿಟ್ ಕೇಳುವಂತಿಲ್ಲ. ಮುಂದಿನ ತಾರೀಖಿನ ಚೆಕ್ಕುಗಳನ್ನು ಕೊಡಲೇಬೇಕು ಅನ್ನುವಂತಿಲ್ಲ. 2018ರ ಏಪ್ರಿಲ್ 30ರಿಂದ ಈಚೆಗೆ ಬಹುತೇಕ ಮನೆಗಳ ಕರಾರು ಸರ್ಕಾರದ ನಿಗದಿತ ನಮೂನೆಯಲ್ಲೇ ಇರಬೇಕು. ಬಾಡಿಗೆ ಏರಿಕೆಗೆ ಪ್ರತಿ ವರ್ಷ ಸರ್ಕಾರ ಒಂದು ಮಿತಿ ಹಾಕುತ್ತದೆ. 2025ಕ್ಕೆ ಅದು ಶೇಕಡಾ 2.5, 2026ಕ್ಕೆ 2.1. ಆದರೆ 2018ರ ನವೆಂಬರ್ 15ರ ನಂತರ ಮೊದಲ ಸಲ ಜನ ವಾಸಕ್ಕೆ ಬಂದ ಮನೆಗಳಿಗೆ ಈ ಮಿತಿ ಇಲ್ಲ. ಹೊಳೆಯುವ ಹೊಸ ಕಾಂಡೊ ಫ್ಲ್ಯಾಟು ನೋಡಿ ಮರುಳಾಗುವ ಮೊದಲು ಇದನ್ನು ಕೇಳಿ.

ಟೊರೊಂಟೊ ಪಕ್ಕದ ಮಿಸಿಸಾಗಾ, ಬ್ರಾಂಪ್ಟನ್ ಕಡೆ ನಮ್ಮವರ ಮೊದಲ ಮನೆ ಸಾಮಾನ್ಯವಾಗಿ ಬೇಸ್‌ಮೆಂಟು. ಅಂದರೆ ಬೇರೆಯವರ ಮನೆಯ ನೆಲಮಾಳಿಗೆ. ಅದರಲ್ಲಿ ತಪ್ಪೇನಿಲ್ಲ. ನಾವೂ ಹದಿನಾಲ್ಕು ತಿಂಗಳು ಇದ್ದೆವು. ನೋಡುವಾಗ ಅಡುಗೆಮನೆ ಟೈಲ್ಸ್ ನೋಡಬೇಡಿ, ಇವನ್ನು ನೋಡಿ: ಬೆಂಕಿ ಬಿದ್ದರೆ ಹೊರಗೆ ಹೋಗಲು ಇನ್ನೊಂದು ದಾರಿ ಅಥವಾ ಆಳು ತೂರುವಷ್ಟು ದೊಡ್ಡ ಕಿಟಕಿ ಇದೆಯಾ. ಹೊಗೆ ಮತ್ತು ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಾ. ನಗರಪಾಲಿಕೆಯಲ್ಲಿ ಆ ಬೇಸ್‌ಮೆಂಟು ನೋಂದಣಿ ಆಗಿದೆಯಾ. ಹೀಟರಿನ ಥರ್ಮೋಸ್ಟಾಟ್ ಎಲ್ಲಿದೆ. ಈ ಕೊನೆಯದನ್ನು ನಾವು ಕೇಳಲಿಲ್ಲ. ಅದು ಮೇಲಿನ ಮನೆಯಲ್ಲಿತ್ತು. ಅವರಿಗೆ ಸೆಕೆ ಆದಾಗ ನಾವು ನಡುಗುತ್ತಿದ್ದೆವು.

ಕೆಲಸ ಇಲ್ಲ, ಸ್ಕೋರ್ ಇಲ್ಲ ಅಂದರೆ ಬ್ಯಾಂಕ್ ಬ್ಯಾಲೆನ್ಸು, ಊರಿನ ಕೆಲಸದ ಪತ್ರ, ಹಿಂದಿನ ಮನೆ ಓನರಿನ ಒಂದು ಪತ್ರ ತೋರಿಸಿ. ನಮ್ಮ ಪಂಜಾಬಿ ಓನರ್ ಆಂಟಿ ಅವನ್ನೆಲ್ಲ ಪಕ್ಕಕ್ಕಿಟ್ಟು, ಮಗನ ಕೆನ್ನೆ ಹಿಂಡಿ, "ಚಪ್ಪಲಿ ಹೊರಗೆ ಬಿಡ್ತೀರಾ?" ಅಂತ ಕೇಳಿದರು. ಹೂಂ ಅಂದೆವು. ಮನೆ ಸಿಕ್ಕಿತು.

ಕರಾರು ಕೈಗೆ ಬಂದ ದಿನದಿಂದ

ಈಗ ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ. ಕರಾರಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಲಿ.

ಮೊದಲು ಹೆಲ್ತ್ ಕಾರ್ಡು. ಇಲ್ಲಿ ಎಲ್ಲರೂ ಓಹಿಪ್ ಅನ್ನುತ್ತಾರೆ. ಸರ್ವಿಸ್ ಒಂಟಾರಿಯೊ ಅನ್ನುವ ಪ್ರಾಂತ್ಯ ಸರ್ಕಾರದ ಕಚೇರಿಗೆ ಮೂರು ಮೂಲ ದಾಖಲೆ ಒಯ್ಯಿರಿ: ವಲಸೆ ಸ್ಥಿತಿಯದು, ಒಂಟಾರಿಯೊದಲ್ಲಿ ವಾಸ ಇರುವುದರದು, ಗುರುತಿನದು. ಹಿಂದೆ ಮೂರು ತಿಂಗಳು ಕಾಯಬೇಕಿತ್ತು. 2020ರಲ್ಲಿ ಅದನ್ನು ತೆಗೆದುಹಾಕಿದರು. ಕಾರ್ಡು ಅಂಚೆಯಲ್ಲಿ ಬರುತ್ತದೆ.

ಕಾರ್ಡು ಬಂದರೂ ಫ್ಯಾಮಿಲಿ ಡಾಕ್ಟರ್ ಸಿಗುವುದು ಕಷ್ಟ. ಹೆಲ್ತ್ ಕೇರ್ ಕನೆಕ್ಟ್ ಅನ್ನುವ ಸರ್ಕಾರಿ ಪಟ್ಟಿಯಲ್ಲಿ ಹೆಸರು ಬರೆಸಿ, ಜೊತೆಗೆ ಅಕ್ಕಪಕ್ಕದವರನ್ನೂ ಕೇಳುತ್ತಿರಿ. ಅಲ್ಲಿಯವರೆಗೆ ವಾಕ್-ಇನ್ ಕ್ಲಿನಿಕ್, ಅಂದರೆ ಮೊದಲೇ ಹೇಳದೆ ಹೋಗಬಹುದಾದದ್ದು. ರಾತ್ರಿ ಮಗುವಿಗೆ ಜ್ವರ, ಆಸ್ಪತ್ರೆಗೆ ಹೋಗಬೇಕೋ ಬೇಡವೋ ಗೊತ್ತಾಗದಿದ್ದರೆ 811ಕ್ಕೆ ಫೋನ್ ಮಾಡಿ, ನರ್ಸ್ ಮಾತಾಡುತ್ತಾರೆ. ಪ್ರಾಣಕ್ಕೆ ಕುತ್ತು ಅಂದರೆ 911. ಸಣ್ಣಪುಟ್ಟದಕ್ಕೆ ಎಮರ್ಜೆನ್ಸಿಗೆ ಹೋದರೆ ತಾಸುಗಟ್ಟಲೆ ಕೂರಬೇಕು. ಮಗನ ಕಿವಿನೋವಿಗೆ ಹೋಗಿ ಬೆಳಗಿನ ಜಾವದವರೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆವು. ಡಾಕ್ಟರು ಕರೆಯುವಷ್ಟರಲ್ಲಿ ಅವನು ನೋವು ಮರೆತು ಗೊರಕೆ ಹೊಡೆಯುತ್ತಿದ್ದ. ಯಾರೂ ಉದಾಸೀನ ಮಾಡಿರಲಿಲ್ಲ. ನಮಗಿಂತ ಕಷ್ಟದಲ್ಲಿದ್ದವರನ್ನು ಮೊದಲು ನೋಡುತ್ತಾರೆ, ಬಂದ ಸರದಿ ಲೆಕ್ಕಕ್ಕಿಲ್ಲ. 24 ವರ್ಷದವರೆಗಿನ ಮಕ್ಕಳಿಗೆ ಖಾಸಗಿ ವಿಮೆ ಇಲ್ಲದಿದ್ದರೆ ಬಹಳಷ್ಟು ಔಷಧಿ ಉಚಿತ. ಫಾರ್ಮಸಿಯಲ್ಲಿ ಕೇಳಿ.

ಮಕ್ಕಳಿರುವ ಸಂಸಾರಗಳು ಮರೆಯಬಾರದ ಅರ್ಜಿ ಕೆನಡಾ ಚೈಲ್ಡ್ ಬೆನಿಫಿಟ್, ಅಂದರೆ ಮಕ್ಕಳ ಖರ್ಚಿಗೆ ಸರ್ಕಾರ ಕೊಡುವ ದುಡ್ಡು. ಫಾರಂ ಆರ್‌ಸಿ66, ಜೊತೆಗೆ ಹೊಸಬರಿಗೆ ಅಂತ ಇರುವ ಅದರ ಅನುಬಂಧ. ಬರುವ ಮೊದಲಿನ ವರ್ಷಗಳ ಊರಿನ ಆದಾಯವನ್ನೂ ಕೇಳುತ್ತಾರೆ. ರಿಟರ್ನ್ ತನ್ನಿ ಅಂದದ್ದು ಇದಕ್ಕೇ. 2025ರ ಜುಲೈನಿಂದ ಒಂದು ವರ್ಷಕ್ಕೆ ಆರು ವರ್ಷದೊಳಗಿನ ಮಗುವಿಗೆ ಗರಿಷ್ಠ 7,997 ಡಾಲರ್, 6ರಿಂದ 17ರವರಿಗೆ 6,748. ಮನೆಯ ಆದಾಯ ಏರಿದಷ್ಟೂ ಇದು ಇಳಿಯುತ್ತದೆ. ಪ್ರತಿ ವರ್ಷ ಗಂಡ ಹೆಂಡತಿ ಇಬ್ಬರೂ ಟ್ಯಾಕ್ಸ್ ರಿಟರ್ನ್ ಸಲ್ಲಿಸಬೇಕು, ಒಂದು ಪೈಸೆ ದುಡಿಯದಿದ್ದರೂ. ಹೆಚ್ಚಿನವರಿಗೆ ಗಡುವು ಏಪ್ರಿಲ್ 30.

ತೆರಿಗೆಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಕೆನಡಾದ ಹೊರಗೆ ಒಟ್ಟು 1,00,000 ಡಾಲರ್‌ಗಿಂತ ಜಾಸ್ತಿ ಬೆಲೆಯ ಆಸ್ತಿ ಇದ್ದರೆ ಟಿ1135 ಫಾರಂ ಕೊಡಬೇಕು. ಬರುವ ಮೊದಲೇ ಇದ್ದ ಆಸ್ತಿಗೆ ನೀವು ಇಲ್ಲಿ ನೆಲೆಸಿದ ದಿನದ ಮಾರುಕಟ್ಟೆ ಬೆಲೆಯೇ ಲೆಕ್ಕ. ಬಾಡಿಗೆಗೆ ಕೊಟ್ಟ ಮನೆ, ಎಫ್‌ಡಿ, ಷೇರು ಎಲ್ಲ ಸೇರುತ್ತದೆ. ಸ್ವಂತ ಉಪಯೋಗಕ್ಕೆ ಇಟ್ಟುಕೊಂಡ ಮನೆ ಸೇರುವುದಿಲ್ಲ. ಬಂದ ಮೊದಲ ವರ್ಷ ಇದರಿಂದ ವಿನಾಯಿತಿ ಇದೆ. ಎರಡನೇ ವರ್ಷ ನಮ್ಮವರು ಮರೆಯುವುದೂ ಅದಕ್ಕೇ. ಇದು ತೆರಿಗೆ ಅಲ್ಲ, ಬರೀ ಮಾಹಿತಿ. ಕೊಡದಿದ್ದರೆ ಮಾತ್ರ ದಂಡ.

ಶಾಲೆ, ಮತ್ತು ಶೇಂಗಾ ಚಟ್ನಿಪುಡಿಯ ಕಥೆ

ನಿಮ್ಮ ವಿಳಾಸಕ್ಕೆ ಯಾವ ಸರ್ಕಾರಿ ಶಾಲೆ ಅಂತ ಸ್ಕೂಲ್ ಬೋರ್ಡಿನ ವೆಬ್‌ಸೈಟಿನಲ್ಲಿ ನೋಡಬಹುದು. ಮಿಸಿಸಾಗಾ, ಬ್ರಾಂಪ್ಟನ್ ಆದರೆ ಪೀಲ್ ಬೋರ್ಡು. ಡೊನೇಶನ್ ಇಲ್ಲ, ಇಂಟರ್ವ್ಯೂ ಇಲ್ಲ, ಫೀಸೂ ಇಲ್ಲ. ತರಗತಿ ನಿರ್ಧಾರ ಆಗುವುದು ಮಗು ಹುಟ್ಟಿದ ಇಸವಿಯ ಮೇಲೆ. ಊರಲ್ಲಿ ನಾಲ್ಕನೇ ಕ್ಲಾಸ್ ಮುಗಿಸಿದ್ದಾಳೆ ಅಂತ ವಾದ ಮಾಡಿ ಪ್ರಯೋಜನವಿಲ್ಲ. ಆ ವರ್ಷದ ಡಿಸೆಂಬರ್ 31ರೊಳಗೆ ನಾಲ್ಕು ತುಂಬುವ ಮಗುವಿಗೆ ಪೂರ್ತಿ ದಿನದ ಕಿಂಡರ್‌ಗಾರ್ಟನ್ ಉಚಿತ. ಇನ್ನೂ ಚಿಕ್ಕವರಿಗೆ ಡೇಕೇರ್. ಸರ್ಕಾರದ ಯೋಜನೆಗೆ ಸೇರಿದ ಕೇಂದ್ರಗಳಲ್ಲಿ 2025ರಿಂದ ದಿನಕ್ಕೆ ಗರಿಷ್ಠ 22 ಡಾಲರ್, ಆದರೆ ಕಾಯುವವರ ಪಟ್ಟಿ ಉದ್ದ. ಬಂದ ವಾರವೇ ಹೆಸರು ಬರೆಸಿ.

ಶಾಲೆ ಶುರುವಾದ ಮೂರನೇ ದಿನ ಮಗಳ ಡಬ್ಬಿ ಹಾಗೇ ವಾಪಸ್ ಬಂತು. ಜೊತೆಗೆ ಟೀಚರಿನ ಚೀಟಿ. ಅವತ್ತು ನಾನು ಚಿತ್ರಾನ್ನ ಕಳಿಸಿದ್ದೆ, ಕಡಲೆಬೀಜ ಹಾಕಿ. ಅವಳ ಕ್ಲಾಸಿನಲ್ಲಿ ಕಡಲೆಕಾಯಿ ವಾಸನೆಯೂ ಆಗದ ಒಂದು ಮಗು ಇತ್ತು. ತಿಂದರೆ ಉಸಿರು ಕಟ್ಟುವಷ್ಟು ಅಲರ್ಜಿ. ಇಲ್ಲಿನ ಬಹಳಷ್ಟು ಶಾಲೆಗಳಲ್ಲಿ ಕಡಲೆಬೀಜ ತರುವಂತಿಲ್ಲ. ಗೋಡಂಬಿ, ಬಾದಾಮಿಯೂ ಎಷ್ಟೋ ಕಡೆ ಬೇಡ. ಅಂದರೆ ಶೇಂಗಾ ಚಟ್ನಿಪುಡಿ ಸವರಿದ ಚಪಾತಿ ಬೇಡ, ಬಿಸಿಬೇಳೆಬಾತಿನ ಮೇಲಿನ ಗೋಡಂಬಿ ಬೇಡ, ಒಬ್ಬಟ್ಟಿನ ಜಾಗಕ್ಕೆ ಕಳಿಸುವ ಶೇಂಗಾ ಹೋಳಿಗೆಯಂತೂ ಬೇಡವೇ ಬೇಡ. ಈಗ ನಾನು ಚಿತ್ರಾನ್ನಕ್ಕೆ ಕಡಲೆಬೇಳೆ ಜಾಸ್ತಿ ಹಾಕುತ್ತೇನೆ. ಡಬ್ಬಿಯಲ್ಲಿ ಕಲಸಿ ತಿನ್ನುವಂಥದ್ದು ಕಳಿಸಬೇಡಿ. ಊಟಕ್ಕೆ ಸಿಗುವುದು ಸ್ವಲ್ಪ ಹೊತ್ತು, ಅದರಲ್ಲಿ ಅರ್ಧ ಮುಚ್ಚಳ ತೆಗೆಯುವುದಕ್ಕೇ ಹೋಗುತ್ತದೆ. ದೋಸೆಯನ್ನು ಸುರುಳಿ ಸುತ್ತಿ ಕತ್ತರಿಸಿ ಕಳಿಸಿದರೆ ಖಾಲಿ ಡಬ್ಬಿ ಬರುತ್ತದೆ.

ಇನ್ನೊಂದು ಮಾತು, ಸ್ವಲ್ಪ ಮುಜುಗರದ್ದು. ಮಕ್ಕಳಿಗೆ ಹೊಡೆಯುವ ರೂಢಿ ಇದ್ದರೆ ವಿಮಾನ ಹತ್ತುವ ಮೊದಲೇ ಬಿಟ್ಟುಬಿಡಿ. ಮಗುವಿಗೆ ಮನೆಯಲ್ಲಿ ಹಿಂಸೆ ಆಗುತ್ತಿದೆ ಅಂತ ಅನುಮಾನ ಬಂದರೆ ಟೀಚರ್ ಅದನ್ನು ವರದಿ ಮಾಡಲೇಬೇಕು, ಅದು ಕಾನೂನು. ಚಿಕ್ಕ ಮಕ್ಕಳನ್ನು "ಅಂಗಡಿಗೆ ಹೋಗಿ ಬಂದೆ" ಅಂತ ಒಂಟಿಯಾಗಿ ಬಿಟ್ಟು ಹೋಗುವುದೂ ಇಲ್ಲಿ ನಡೆಯುವುದಿಲ್ಲ.

ಅಡುಗೆಮನೆ

ನಂದಿನಿ ಪ್ಯಾಕೆಟ್ಟಿನ ನೆನಪಾಗುವವರಿಗೆ ಒಂದು ಸಮಾಧಾನ: ಒಂಟಾರಿಯೊದಲ್ಲಿ ಹಾಲು ಪ್ಲಾಸ್ಟಿಕ್ ಚೀಲದಲ್ಲೇ ಬರುತ್ತದೆ. ನಾಲ್ಕು ಲೀಟರಿನ ಚೀಲದೊಳಗೆ ಮೂರು ಚಿಕ್ಕ ಚೀಲ. ಅದನ್ನು ಒಂದು ಜಗ್ಗಿನಲ್ಲಿ ನಿಲ್ಲಿಸಿ ಮೂಲೆ ಕತ್ತರಿಸಬೇಕು. ಸೋನಾ ಮಸೂರಿ, ರಾಗಿಹಿಟ್ಟು, ತೊಗರಿಬೇಳೆ, ಬ್ಯಾಡಗಿ ಮೆಣಸಿನಕಾಯಿ ಎಲ್ಲ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಸೂಟ್‌ಕೇಸಿನಲ್ಲಿ ಅಕ್ಕಿ ತರಬೇಡಿ. ಅಮ್ಮ ಮಾಡಿದ ಸಾರಿನ ಪುಡಿ, ಮಿಕ್ಸಿ ಇಡುವ ಜಾಗದಲ್ಲಿ ಈಳಿಗೆ ಮಣೆ, ಕುಕ್ಕರಿನ ಗ್ಯಾಸ್ಕೆಟ್ ತನ್ನಿ. ಊರಿನ ಮಿಕ್ಸಿ ಇಲ್ಲಿನ 120 ವೋಲ್ಟಿಗೆ ಓಡುವುದಿಲ್ಲ. ಆಹಾರ ಪದಾರ್ಥ ಏನೇ ತಂದರೂ ವಿಮಾನ ನಿಲ್ದಾಣದಲ್ಲಿ ಹೇಳಿ.

ಚಳಿಗಾಲದಲ್ಲಿ ಹೆಪ್ಪು ಹಾಕಿದ ಹಾಲು ಮೊಸರಾಗುವುದಿಲ್ಲ. ದೋಸೆ ಹಿಟ್ಟು ಎರಡು ದಿನ ಇಟ್ಟರೂ ಉಬ್ಬುವುದಿಲ್ಲ. ಉಪಾಯ ಇದು: ಓವನ್ ಬಿಸಿ ಮಾಡದೆ ಅದರ ದೀಪ ಮಾತ್ರ ಹಾಕಿ, ಹಿಟ್ಟಿನ ಪಾತ್ರೆ ಒಳಗಿಟ್ಟು ಬಾಗಿಲು ಮುಚ್ಚಿ. ಆ ಬಲ್ಬಿನ ಕಾವಿಗೆ ಬೆಳಗಾಗುವಷ್ಟರಲ್ಲಿ ಹಿಟ್ಟು ಉಕ್ಕಿರುತ್ತದೆ. ಆದರೆ ಓವನ್ ಬಾಗಿಲಿಗೆ "ಒಳಗೆ ಹಿಟ್ಟಿದೆ" ಅಂತ ಚೀಟಿ ಅಂಟಿಸಿ. ನಮ್ಮ ಯಜಮಾನರು ಒಂದು ಭಾನುವಾರ ಮಕ್ಕಳಿಗೆ ಪಿಜ್ಜಾ ಬಿಸಿ ಮಾಡಲು ನೋಡದೆ ಓವನ್ ಹಚ್ಚಿ, ಎರಡು ಲೀಟರ್ ಹಿಟ್ಟನ್ನು ಕೇಕ್ ಮಾಡಿದರು.

ಒಣಮೆಣಸಿನಕಾಯಿ ಒಗ್ಗರಣೆಗೆ ಅಲಾರಂ ಹೊಡೆದುಕೊಳ್ಳುತ್ತದೆ, ಖಂಡಿತ. ಎಕ್ಸಾಸ್ಟ್ ಫ್ಯಾನ್ ಮೊದಲೇ ಹಾಕಿ, ಕಿಟಕಿ ತೆರೆಯಿರಿ, ಎಣ್ಣೆ ಹೊಗೆಯಾಡುವವರೆಗೆ ಕಾಯಬೇಡಿ. ಸಿಟ್ಟಿಗೆ ಅಲಾರಮ್ಮಿನ ಬ್ಯಾಟರಿ ಕಿತ್ತರೆ ಅದು ಅಪರಾಧ.

ಚಳಿ

ಊರಲ್ಲೇ ಜಾಕೆಟ್ ಕೊಳ್ಳಬೇಡಿ. ಇಳಿದ ದಿನಕ್ಕೆ ಒಂದು ಸ್ವೆಟರ್ ಸಾಕು, ಮಿಕ್ಕಿದ್ದು ಇಲ್ಲೇ ತೆಗೆದುಕೊಳ್ಳಿ. ಮಕ್ಕಳಿಗೆ ಸ್ನೋ ಪ್ಯಾಂಟು, ನೀರು ಇಳಿಯದ ಬೂಟು, ಬೆರಳು ಒಟ್ಟಿಗೆ ಇರುವ ಮಿಟನ್ ಎರಡು ಜೊತೆ. ಎಲ್ಲದರ ಮೇಲೂ ಹೆಸರು ಬರೆಯಿರಿ. ಮೈನಸ್ ಹತ್ತರಲ್ಲೂ ಶಾಲೆಯವರು ಮಕ್ಕಳನ್ನು ಆಟಕ್ಕೆ ಹೊರಗೆ ಬಿಡುತ್ತಾರೆ, ಆಗ ಮಿಟನ್ ಕಳೆದುಹೋಗುವುದು ನಿಶ್ಚಿತ. ಹಿಮಕ್ಕಿಂತ ಅಪಾಯ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ. ಬಾತುಕೋಳಿ ಹಾಗೆ ಚಿಕ್ಕ ಹೆಜ್ಜೆ ಇಟ್ಟು ನಡೆಯಿರಿ.

ಡಿಸೆಂಬರಿನಲ್ಲಿ ಐದು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಮೈ ಕೊರೆಯುವ ಚಳಿಗಿಂತ ಈ ಕತ್ತಲೆ ಮನಸ್ಸಿಗೆ ಹಿಡಿಯುತ್ತದೆ. ಅದರಲ್ಲೂ ಮನೆಯಲ್ಲೇ ಉಳಿಯುವವರಿಗೆ. ಮೊದಲ ಜನವರಿಯಲ್ಲಿ ನಾನು ದಿನವಿಡೀ ಯಾರ ಜೊತೆಗೂ ಮಾತಾಡದ ದಿನಗಳಿದ್ದವು. ಊರಿಗೂ ಇಲ್ಲಿಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಒಂಬತ್ತೂವರೆ. ನನಗೆ ಬಿಡುವಾದಾಗ ಅಲ್ಲಿ ಮಧ್ಯರಾತ್ರಿ. ನನ್ನನ್ನು ಎಬ್ಬಿಸಿದ್ದು ಲೈಬ್ರರಿ. ಕಾರ್ಡು ಉಚಿತ, ಒಳಗೆ ಬೆಚ್ಚಗೆ, ಮಕ್ಕಳಿಗೆ ಕಥೆ ಹೇಳುವ ಕಾರ್ಯಕ್ರಮ, ಅಲ್ಲಿಗೆ ಬರುವ ಬೇರೆ ತಾಯಂದಿರು. ಸರ್ಕಾರ ಪಿಆರ್‌ನವರಿಗೆ ಉಚಿತ ಇಂಗ್ಲಿಷ್ ತರಗತಿ ನಡೆಸುತ್ತದೆ, ಲಿಂಕ್ ಅಂತ ಹೆಸರು. ಇಂಗ್ಲಿಷ್ ಬಂದರೂ ಹೋಗಿ ವಿಚಾರಿಸಿ. ಟೊರೊಂಟೊ ಸುತ್ತ ಕನ್ನಡ ಸಂಘ ಇದೆ. ಯುಗಾದಿಗೋ ರಾಜ್ಯೋತ್ಸವಕ್ಕೋ ಒಮ್ಮೆ ಹೋಗಿ ಬನ್ನಿ. ಊಟದ ಸಾಲಿನಲ್ಲಿ ಸಿಕ್ಕ ಒಬ್ಬರಿಂದಲೇ ನನಗೆ ಡೆಂಟಿಸ್ಟು, ಸೆಕೆಂಡ್ ಹ್ಯಾಂಡ್ ಸೋಫಾ, ಕರಿಬೇವಿನ ಗಿಡ ಮೂರೂ ಸಿಕ್ಕವು.

ಕಾರು ಮತ್ತು ಲೈಸೆನ್ಸು

ಭಾರತದ ಲೈಸೆನ್ಸಿನಲ್ಲಿ ಬಂದ 60 ದಿನ ಓಡಿಸಬಹುದು. ಆಮೇಲೆ ಇಲ್ಲಿಯದೇ ಬೇಕು. ಮೊದಲು ಜಿ1 ಅನ್ನುವ ಲಿಖಿತ ಪರೀಕ್ಷೆ. ನಿಯಮದ ಮೇಲೆ 20, ಫಲಕಗಳ ಮೇಲೆ 20 ಪ್ರಶ್ನೆ, ಎರಡರಲ್ಲೂ 16 ಸರಿ ಇರಬೇಕು. ಆರ್‌ಟಿಒ ಪತ್ರದಿಂದ ಎರಡು ವರ್ಷಕ್ಕಿಂತ ಜಾಸ್ತಿ ಅನುಭವ ಸಾಬೀತಾದರೆ ನೇರವಾಗಿ ಕೊನೆಯ ಜಿ ರೋಡ್ ಟೆಸ್ಟಿಗೆ ಹೋಗಬಹುದು. ಇಲ್ಲದಿದ್ದರೆ ತಿಂಗಳುಗಟ್ಟಲೆ ಕಾಯಬೇಕು.

ಹದಿನೈದು ವರ್ಷ ಮೈಸೂರಿನಲ್ಲಿ ಓಡಿಸಿದ್ದೇನೆ ಅಂತ ಕ್ಲಾಸಿಗೆ ಹೋಗದೆ ಟೆಸ್ಟಿಗೆ ಹೋದೆ. ಫೇಲ್. ಸ್ಟಾಪ್ ಫಲಕದಲ್ಲಿ ನಿಧಾನ ಮಾಡಿದ್ದೆ, ನಿಲ್ಲಿಸಿರಲಿಲ್ಲ. ಚಕ್ರ ಪೂರ್ತಿ ನಿಲ್ಲಬೇಕು, ಬೀದಿಯಲ್ಲಿ ನರಪಿಳ್ಳೆ ಇಲ್ಲದಿದ್ದರೂ. ಲೇನ್ ಬದಲಿಸುವಾಗ ಕನ್ನಡಿ ಸಾಲದು, ಭುಜದ ಮೇಲಿಂದ ತಿರುಗಿ ನೋಡಬೇಕು. ಹಳದಿ ಶಾಲಾ ಬಸ್ಸಿನ ಕೆಂಪು ದೀಪ ಮಿನುಗುತ್ತಿದ್ದರೆ, ನಡುವೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು. ಎರಡು ಮೂರು ಕ್ಲಾಸು ತೆಗೆದುಕೊಳ್ಳಿ, ಅಹಂಕಾರ ಬೇಡ.

ಕಾರಿಗಿಂತ ಅದರ ಇನ್ಶೂರೆನ್ಸ್ ಹೊಡೆತ. ಅದೂ ವಿಳಾಸದ ಮೇಲೆ ಬದಲಾಗುತ್ತದೆ, ಬ್ರಾಂಪ್ಟನ್ ಅಂದರೆ ಇನ್ನೂ ದುಬಾರಿ. ಕಾರು ಕೊಳ್ಳುವ ಮೊದಲು ಇನ್ಶೂರೆನ್ಸ್ ಎಷ್ಟು ಅಂತ ಕೇಳಿ. ಎಂಟು ವರ್ಷದೊಳಗಿನ ಮಕ್ಕಳಿಗೆ, 36 ಕಿಲೊ ಅಥವಾ 145 ಸೆಂಟಿಮೀಟರ್ ಆಗುವವರೆಗೆ, ಕಾರಿನಲ್ಲಿ ಮಕ್ಕಳದೇ ಬೇರೆ ಸೀಟು ಕಡ್ಡಾಯ. ಸೀಟಿನ ಮೇಲೆ ಕೆನಡಾದ ಸುರಕ್ಷತಾ ಗುರುತು ಇರಬೇಕು. ಊರಿನಿಂದ ತಂದದ್ದು ನಡೆಯುವುದಿಲ್ಲ.

ಕೆಲಸ

ಇದಕ್ಕೆ ಬೇರೆ ಲೇಖನವೇ ಬೇಕು. ಚಿಕ್ಕದಾಗಿ ಹೇಳುತ್ತೇನೆ. ರೆಸ್ಯೂಮೆಯಲ್ಲಿ ಫೋಟೊ, ವಯಸ್ಸು, ಮದುವೆ ವಿಷಯ ಬೇಡ. ಎರಡು ಪುಟ ಸಾಕು. "ಕೆನಡಿಯನ್ ಎಕ್ಸ್‌ಪೀರಿಯನ್ಸ್ ಇದೆಯಾ" ಅನ್ನುವುದು ಹಳೆಯ ಗೋಳು. 2026ರ ಜನವರಿ 1ರಿಂದ ಒಂಟಾರಿಯೊದಲ್ಲಿ 25 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಂಪನಿಗಳು ಜಾಹೀರಾತಿನಲ್ಲಿ ಅದನ್ನು ಕೇಳುವಂತಿಲ್ಲ. ಜಾಹೀರಾತಿನಿಂದ ಹೋಯಿತು ಅಂದರೆ ಸಂದರ್ಶಕರ ಮನಸ್ಸಿನಿಂದಲೂ ಹೋಯಿತು ಅಂತ ತಿಳಿಯಬೇಡಿ. ಡಾಕ್ಟರು, ನರ್ಸು, ಟೀಚರು, ಲೈಸೆನ್ಸ್ ಬೇಕಾದ ಎಂಜಿನಿಯರು, ಇವರೆಲ್ಲ ಊರಲ್ಲಿದ್ದಾಗಲೇ ಪ್ರಕ್ರಿಯೆ ಶುರು ಮಾಡಬೇಕು. ಹೊಸಬರಿಗೆ ಕೆಲಸ ಹುಡುಕಲು ನೆರವಾಗುವ ಸಂಸ್ಥೆಗಳಿವೆ, ಉಚಿತ. 211ಕ್ಕೆ ಫೋನ್ ಮಾಡಿದರೆ ಹತ್ತಿರದ್ದು ಯಾವುದು ಅಂತ ಹೇಳುತ್ತಾರೆ. ಯಜಮಾನರಿಗೆ ಅವರ ಕೆಲಸ ಸಿಗಲು ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವರು ಗೋದಾಮಿನಲ್ಲಿ ಡಬ್ಬ ಎತ್ತಿದರು. ಊರಿಗೆ ಹೇಳಲಿಲ್ಲ. ಆರು ತಿಂಗಳ ಖರ್ಚಿನ ದುಡ್ಡು ಕೈಯಲ್ಲಿಟ್ಟುಕೊಂಡೇ ಬನ್ನಿ.

ಮನೆ ಬದಲಿಸುವಾಗ

ವರ್ಷ ಒಪ್ಪತ್ತಿನಲ್ಲಿ ನೀವು ಬೇಸ್‌ಮೆಂಟು ಬಿಡುತ್ತೀರಿ. ಆಗ ಅಷ್ಟು ಕಷ್ಟಪಟ್ಟು ಎಲ್ಲ ಕಡೆ ಬರೆಸಿದ ವಿಳಾಸವನ್ನು ಎಲ್ಲ ಕಡೆ ಬದಲಿಸಬೇಕು. ಲೈಸೆನ್ಸಿಗೆ ಆರು ದಿನದೊಳಗೆ. ಹೆಲ್ತ್ ಕಾರ್ಡು, ತೆರಿಗೆ ಇಲಾಖೆ, ಬ್ಯಾಂಕು, ಕಾರಿನ ಇನ್ಶೂರೆನ್ಸು, ಶಾಲೆ, ಊರಿನ ಎನ್‌ಆರ್‌ಒ ಬ್ಯಾಂಕು. ಯಾವ ಅರ್ಜಿಯಾದರೂ ನಡೆಯುತ್ತಿದ್ದರೆ ಇಮಿಗ್ರೇಶನ್ ಇಲಾಖೆಗೂ. ಕೆನಡಾ ಪೋಸ್ಟಿಗೆ ದುಡ್ಡು ಕಟ್ಟಿದರೆ ಹಳೆ ವಿಳಾಸದ ಪತ್ರಗಳನ್ನು ಹೊಸ ಮನೆಗೆ ಕಳಿಸುತ್ತಾರೆ. ಆದರೆ ಅಂಚೆಯಲ್ಲಿ ಬಂದದ್ದನ್ನು ಮಾತ್ರ. ಕೊರಿಯರಿನವರಿಗೆ ಅದು ಗೊತ್ತಿರುವುದಿಲ್ಲ.

ನಾವು ಎಲ್ಲರಿಗೂ ಹೇಳಿದ್ದೆವು, ಅಮ್ಮನನ್ನು ಬಿಟ್ಟು. ಅಮ್ಮ ಹಳೆ ವಿಳಾಸಕ್ಕೇ ಕೊರಿಯರ್ ಮಾಡಿದ್ದರು. ಒಂದು ಸಂಜೆ ಓನರ್ ಆಂಟಿ ಫೋನ್ ಮಾಡಿ, "ನಿಮ್ಮದೊಂದು ಡಬ್ಬ ಬಂದಿದೆ, ಮನೆಯೆಲ್ಲ ಘಮ ಘಮ ಅಂತಿದೆ, ಬೇಗ ಬಂದು ತಗೊಂಡು ಹೋಗಿ, ಇಲ್ಲಾಂದ್ರೆ ನಾನೇ ತೆಗೀತೀನಿ" ಅಂದರು. ಹೋಗುವಷ್ಟರಲ್ಲಿ ತೆಗೆದಿದ್ದರು. ಅರ್ಧ ಕಿಲೊ ಶೇಂಗಾ ಚಟ್ನಿಪುಡಿಯಲ್ಲಿ ಎರಡು ಚಮಚ ಕಡಿಮೆ ಇತ್ತು.